ಲಾನಿಗೂ ಒಣಹುಲ್ಲಿಗೂ ಒಂದೇ ಟ್ರ್ಯಾಕ್ಟರ್

ನನ್ನ ಹೆಸರು ಶಮಶೇರಸಾಬ. ಶಮಶೇರ ಎಂದರೆ ಖಡ್ಗ. ಈ ಕೂಸು ಬೆಳೆದು ದೊಡ್ಡದಾಗಿ, ಬೀದಿನಾಯಿ ಕಂಡರೆ ಓಣಿ ಬದಲಿಸುವ ಗಂಡಸಾಗುತ್ತದೆಂದು ಹೆಸರಿಟ್ಟ ನಮ್ಮಜ್ಜನಿಗೆ ಹೇಗೆ ಗೊತ್ತಾಗಬೇಕು? ಬ್ಯಾಡಗಿ ಮಾರ್ಕೆಟ್ಟಿನ ಹತ್ತಿರ ನನ್ನದೊಂದು ಗೋಣಿಚೀಲದ ಅಂಗಡಿ ಇದೆ. ಆ ವ್ಯಾಪಾರ ಆರಿಸಿಕೊಂಡದ್ದೂ ಭಯದಿಂದಲೇ. ಮೈಮೇಲೆ ಬಿದ್ದರೂ ಏನೂ ಆಗದ ಸರಕು ಊರಲ್ಲಿ ಅದೊಂದೇ. (ಖಾಲಿ ಚೀಲದ ಮಾತು. ಮೆಣಸಿನಕಾಯಿ ತುಂಬಿದ ಚೀಲದ ಹತ್ತಿರ ನಾನು ನಿಲ್ಲುವುದಿಲ್ಲ.)

ನನ್ನ ಹೆಂಡತಿ ಹಸೀನಾಬಿಗೆ ಭಯದ ಪರಿಚಯವೇ ಇಲ್ಲ. ರಾಣೆಬೆನ್ನೂರ ರಸ್ತೆಯಲ್ಲಿ ತವರಿನಿಂದ ಬಂದ ಹೊಲ ಅವಳದು. ಅರ್ಧದಲ್ಲಿ ಎಮ್ಮೆಗಳಿಗೆಂದು ಹುಲ್ಲು ಬೆಳೆದು, ಒಣಗಿಸಿ, ಪೆಂಡಿ ಕಟ್ಟಿ ಇಡುತ್ತಾಳೆ. ಇನ್ನರ್ಧದಲ್ಲಿ ಲಾನ್ ಮಾಡಿ ಮದುವೆ, ಮುಂಜಿಗಳಿಗೆ ಬಾಡಿಗೆ ಕೊಡುತ್ತಾಳೆ. ಒಂದು ಹುಲ್ಲನ್ನು ಎಮ್ಮೆ ತಿನ್ನಬೇಕು, ಇನ್ನೊಂದನ್ನು ತಿನ್ನಬಾರದು. ನಮ್ಮ ಮನೆಯ ಅರ್ಧ ಜಗಳ ಎಮ್ಮೆಗೆ ಈ ವ್ಯತ್ಯಾಸ ತಿಳಿಯದ್ದರಿಂದ ಹುಟ್ಟಿದ್ದು. ಜಗಳ ಉರ್ದುವಿನಲ್ಲಿ ಶುರುವಾಗಿ, ಬಿಸಿಯೇರಿದ ಮೇಲೆ ಕನ್ನಡಕ್ಕೆ ಬರುತ್ತದೆ.

ಎರಡೂ ಹುಲ್ಲಿಗೆ ನಮ್ಮಲ್ಲಿ ಹಳೆಯದೊಂದು ಮಿನಿ ಟ್ರ್ಯಾಕ್ಟರ್ ಇತ್ತು, ಎಮ್ಮೆಗಿಂತ ಒಂದು ಗೇಣು ತಗ್ಗು. ಅಂಗಡಿಗೆ ರಜೆ ಇದ್ದಾಗ ಅದರ ಮೇಲೆ ಕುಳಿತು ಲಾನ್ ಕತ್ತರಿಸುವ ಘನಕಾರ್ಯ ನನ್ನದು. ಕಾಲು ಚಾಚಿದರೆ ನೆಲ ಸಿಗುತ್ತಿತ್ತು, ನೆಲದ ಜೊತೆ ಒಂದಿಷ್ಟು ಧೈರ್ಯವೂ ಸಿಗುತ್ತಿತ್ತು. ಮುಂದಕ್ಕೆ ಮಾತ್ರ ಹೊಡೆಯುತ್ತಿದ್ದೆ. ಹಿಂದಕ್ಕೆ ಬರಬೇಕಾದರೆ ಇಡೀ ಹೊಲ ಸುತ್ತಿಕೊಂಡು ಬರುತ್ತಿದ್ದೆ. ಗಾಳಿ ಚೆನ್ನಾಗಿದೆ, ಅದಕ್ಕೆ ಸುತ್ತಿದೆ ಎಂದು ಹೇಳುತ್ತಿದ್ದೆ.

ಈ ವರ್ಷ ಪೆಂಡಿ ಕಟ್ಟುವ ಯಂತ್ರವನ್ನು ಎಳೆಯಲು ಹೋಗಿ ಆ ಮಿನಿ ಎರಡು ಸಲ ಕೆಮ್ಮಿ ಹೊಲದ ನಡುವೆ ಕೂತುಬಿಟ್ಟಿತು.

"ಏನ್ರೀ, ಇದರ ಕೈಲಿ ಇನ್ನ ಆಗೂದಿಲ್ಲ. ದೊಡ್ಡದೊಂದು ತರೂಣು. ಪೆಂಡೀನೂ ಕಟ್ಟಬೇಕು, ಲಾನೂ ಕತ್ತರಸಬೇಕು," ಎಂದಳು ಹಸೀನಾ.

"ದೊಡ್ಡದಂದ್ರ, ಎಷ್ಟು ದೊಡ್ಡದು?"

"ಕಣ್ಣಿಗೆ ಕಾಣುವಷ್ಟು ದೊಡ್ಡದು. ಹುಮಾನ ಮಂಗ್ನಿಗೆ ಹಾವೇರಿಯಿಂದ ಬೀಗರು ಬರೂದ್ರೊಳಗ ಲಾನ್ ಮ್ಯಾಲೆ ನಿಂತಿರಬೇಕು."

ಹುಮಾ ನಮ್ಮ ಒಬ್ಬಳೇ ಮಗಳು. ಅವಳ ನಿಶ್ಚಿತಾರ್ಥ ನಮ್ಮ ಲಾನಿನಲ್ಲೇ ಎಂದು ಗೊತ್ತಾಗಿತ್ತು. ಬೀಗರಾಗುವ ನಯಾಜಸಾಬರು ಹಾವೇರಿಯಲ್ಲಿ ಲಾರಿಗಳನ್ನು ಇಟ್ಟವರು. ಅವರ ಮನೆಯಲ್ಲಿ ಮುದುಕಿಯರೂ ಜೀಪು ಓಡಿಸುತ್ತಾರೆಂದು ಕೇಳಿದ್ದೆ. ಅಂಥವರ ಮುಂದೆ ಹುಡುಗಿಯ ತಂದೆ ಟ್ರ್ಯಾಕ್ಟರ್ ಕಂಡು ನಡುಗಿದರೆ ಮಗಳು ಆ ಮನೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಈ ಯೋಚನೆಗೆ ನನಗೆ ಊಟ ಸೇರದಾಯಿತು.

ಮೊದಲು ನಾನು ಶಾಸ್ತ್ರೀಯವಾಗಿ ವಿರೋಧಿಸಿದೆ.

"ದೊಡ್ಡದು ಹಾದ್ರ ಲಾನ್ ಮ್ಯಾಲೆ ಗಾಲಿ ಗುರುತು ಬೀಳತಾವ. ಕುರ್ಚಿ ಹಾಕಿದ್ರ ಓಲ್ಯಾಡತಾವ. ಮದುಮಕ್ಕಳು ಬಿದ್ದಗಿದ್ದಾರು."

"ಅಗಲ ಗಾಲಿ ಹಾಕಿಸಿದ್ರ ಬೀಳೂದಿಲ್ಲಂತ. ಕೇಳೇನಿ."

"ಹಂಗಾದ್ರ ಎರಡು ಸಣ್ಣು ತಗೊಳ್ಳೂಣು."

"ಎರಡರ ಮ್ಯಾಲೂ ನೀವ ಕುಂದರತೀರೇನು?"

ಒಂದನ್ನೇ ತರುವುದೆಂದು ತೀರ್ಮಾನವಾಯಿತು. ಹಾವೇರಿಯ ಶೋರೂಮಿಗೆ ನಾವಿಬ್ಬರೂ ಹೋದೆವು. ಜೊತೆಗೆ ಅವಳ ತಮ್ಮ ಶಾನವಾಜನೂ ಬಂದ. ಈ ಶಾನವಾಜ ನಮ್ಮ ಕಡೆ ನಡೆಯುವ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗಳ ವೀರ. ಹಿಂದೆ ಟ್ರೈಲರ್ ಕಟ್ಟಿಕೊಂಡು, ಹಿಮ್ಮುಖವಾಗಿ, ಗೆರೆ ತಪ್ಪದೆ ಹೊಡೆದು ಕಪ್ಪು ಗೆದ್ದು ತರುತ್ತಾನೆ. ಅವನ ಲೆಕ್ಕದಲ್ಲಿ ಮನುಷ್ಯರು ಎರಡೇ ಜಾತಿ, ರಿವರ್ಸ್ ಬರುವವರು ಮತ್ತು ಬಾರದವರು. ನಾನು ಯಾವ ಜಾತಿ ಎಂದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಶೋರೂಮಿನ ಕೊಟ್ರೇಶ ಸಾಲಾಗಿ ನಿಲ್ಲಿಸಿದ ಟ್ರ್ಯಾಕ್ಟರುಗಳನ್ನು ತೋರಿಸುತ್ತ ಹೋದ. ಪ್ರತಿಯೊಂದೂ ಹಿಂದಿನದಕ್ಕಿಂತ ಎತ್ತರ. ಕೊನೆಯದರ ಗಾಲಿ ನನ್ನ ಎದೆಮಟ್ಟ ಬರುತ್ತಿತ್ತು. ಅಲ್ಲಿ ಯಾರಿಗೋ ಅವನು ಹೇಳಿದ ಮಾತು ಕಿವಿಗೆ ಬಿತ್ತು: "ಇದಕ್ಕ ಪಳಗಿದ ಡ್ರೈವರ್ ಬೇಕ್ರಿ. ಎಲ್ಲಾರ ಕೈಗೂ ಬಗ್ಗೂದಲ್ಲ."

ನನ್ನ ತಲೆಯಲ್ಲಿ ದೀಪ ಹತ್ತಿತು. ಸಣ್ಣದು ತಂದರೆ ನಾನು ಹೊಡೆಯಬೇಕು. ಎಲ್ಲಕ್ಕಿಂತ ದೊಡ್ಡದು ತಂದರೆ ಡ್ರೈವರ್ ಹೊಡೆಯುತ್ತಾನೆ. ಭಯಸ್ಥನಿಗೆ ದೊಡ್ಡ ಟ್ರ್ಯಾಕ್ಟರಿಗಿಂತ ಸುರಕ್ಷಿತ ಜಾಗ ಬೇರೆ ಯಾವುದಿದೆ? ನಾನು ಬಾನೆಟ್ಟಿನ ಮೇಲೆ ಕೈ ಬಡಿದೆ. (ಕೈ ನಡುಗಿದ್ದರಿಂದ ಎರಡು ಸಲ ಬಡಿಯಿತು, ಅದೂ ಒಳ್ಳೆಯದೇ ಆಯಿತು.)

"ತಗೊಂಡ್ರ ಇಷ್ಟು ದೊಡ್ಡದು ತಗೊಳ್ಳೂಣು. ಡ್ರೈವರ್ ಇಟ್ರಾತು," ಎಂದೆ.

ಶಾನವಾಜ ನನ್ನನ್ನು ಮೊದಲ ಸಲ ಗೌರವದಿಂದ ನೋಡಿದ. ಹಸೀನಾ ಮಾತ್ರ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಖರೇನ?" ಎಂದು ಕೇಳಿ, ಕೊಟ್ರೇಶನನ್ನು ಬದಿಗೆ ಕರೆದು ಏನೋ ಮೆಲ್ಲಗೆ ಮಾತಾಡಿದಳು. ರೇಟು ಇಳಿಸುತ್ತಿದ್ದಾಳೆಂದುಕೊಂಡು ಸುಮ್ಮನಾದೆ. ಆ ದಿನ ಊಟ ಸೇರಿತು.

ಮಂಗ್ನಿಯ ದಿನ ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಒಂದು ತುದಿಯಲ್ಲಿ ಶಾಮಿಯಾನ, ಬೀಗರು, ನೆಂಟರು. ಇನ್ನೊಂದು ತುದಿಯಲ್ಲಿ ಅಡಿಗೆಯವರ ಒಲೆಗಳು, ಒಲೆಗಳ ಮೇಲೆ ಬಿರಿಯಾನಿ ಹಂಡೆ. ನಡುವೆ ಶಾಮಿಯಾನಕ್ಕೆ ಮುಖ ಮಾಡಿ ಅದು ನಿಂತಿತ್ತು. ಎಂಜಿನ್ ಚಾಲೂ ಇತ್ತು, ಹೊಟ್ಟೆಯ ಕೆಳಗಿನ ಹುಲ್ಲು ಕತ್ತರಿಸುವ ಬ್ಲೇಡನ್ನೂ ಕೊಟ್ರೇಶ ತೋರಿಸಲೆಂದು ತಿರುಗಲು ಬಿಟ್ಟಿದ್ದ.

"ಡ್ರೈವರ್ ಎಲ್ಲಿ?" ಎಂದು ಕೇಳಿದೆ.

"ಇದಕ್ಕ ಡ್ರೈವರ್ ಯಾಕ್ರೀ ಸಾಹೇಬ್ರ? ಅಕ್ಕಾರು ಕ್ಲಚ್ ಇಲ್ಲದ ಮಾಡೆಲ್ ಬೇಕಂದ್ರು. ಗೇರೂ ಇಲ್ಲ. ಒಂದು ಪೆಡಲ್ ಒತ್ತಿದ್ರ ಮುಂದ, ಇನ್ನೊಂದು ಒತ್ತಿದ್ರ ಹಿಂದ. ಯಾರು ಬೇಕಾದ್ರೂ ಹೊಡೀತಾರ."

ಅಷ್ಟರಲ್ಲಿ ನನ್ನ ಅತ್ತೆ ಚಮನಬಿ ಮುಂದಿನ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೊದಲಿಗೆ ಯಜಮಾನನೇ ಹಣ್ಣಿನ ಮ್ಯಾಲೆ ಹಾಯಸಬೇಕು. ಬ್ಯಾರೆಯವರು ಹಾಯಿಸಿದ್ರ ಬರ್ಕತ್ತು, ಏಳಿಗಿ ಎಲ್ಲಾ ಅವರ ಹಿಂದ ಹೋಗತದ. ಹತ್ತು ಶಮಶೇರ."

"ಹತ್ರಿ ಬೀಗರ. ನಾವೂ ನೋಡೂಣು," ಎಂದರು ನಯಾಜಸಾಬರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತ. ಅವರ ಹಿಂದೆ ಹುಮಾ ನಿಂತು ನನ್ನನ್ನೇ ನೋಡುತ್ತಿದ್ದಳು.

ಹತ್ತಿದೆ. ಮೇಲಿನಿಂದ ನೆಲ ಬಹಳ ದೂರ ಕಾಣಿಸಿತು. ಅತ್ತೆ ದೃಷ್ಟಿ ತೆಗೆಯಲು ಕೆಂಡಕ್ಕೆ ಮೆಣಸಿನಕಾಯಿ ಹಾಕಿದಳು. ಬೇರೆ ಊರಲ್ಲಿ ನಾಲ್ಕು ಕಾಯಿ ಹಾಕುತ್ತಾರೆ, ಬ್ಯಾಡಗಿಯವರು ಮೊರ ತುಂಬ ಹಾಕುತ್ತೇವೆ. ಘಾಟಿಗೆ ಮಂಟಪವೆಲ್ಲ ಕೆಮ್ಮತೊಡಗಿತು. ನಾನು ಸ್ಟೇರಿಂಗನ್ನು ಎರಡೂ ತೋಳಿಂದ ಅಪ್ಪಿಕೊಂಡು, ಕಣ್ಣು ಮುಚ್ಚಿ, ಬಾಯಿಗೆ ಬಂದ ದುವಾ ಎಲ್ಲ ಹೇಳುತ್ತ ಪೆಡಲ್ ಒತ್ತಿದೆ.

ಟ್ರ್ಯಾಕ್ಟರ್ ಹಿಂದಕ್ಕೆ ಹೊರಟಿತು.

ನಿಲ್ಲಿಸಬೇಕೆಂದು ಮನಸ್ಸು ಹೇಳಿತು, ಕಾಲು ಮರಗಟ್ಟಿತ್ತು. ಸ್ಟೇರಿಂಗ್ ತಿರುಗಿಸಲು ಧೈರ್ಯವಿರಲಿಲ್ಲ, ಹಾಗಾಗಿ ಅದು ನೆಟ್ಟಗೆ ಹೋಯಿತು. ಹಿಂದಿನಿಂದ ಅಡಿಗೆಯವರು ಚೀರುವುದು ಕೇಳಿಸಿತು. ಮಗಳ ಮಂಗ್ನಿ, ಬಿರಿಯಾನಿ, ನನ್ನ ಪ್ರಾಣ, ಮೂರೂ ಒಂದೇ ಒಲೆಯಲ್ಲಿ ಹೋದವೆಂದುಕೊಂಡೆ. ಆಗ ನನ್ನ ಹಳೆಯ ಚಪ್ಪಲಿಯ ಪಟ್ಟಿ ಕಿತ್ತಿತು. ಚಪ್ಪಲಿ ಕೆಳಗೆ ಬಿತ್ತು, ಕಾಲು ಪೆಡಲ್‌ನಿಂದ ಜಾರಿತು. ಟ್ರ್ಯಾಕ್ಟರ್ ಹಂಡೆಗೆ ಒಂದು ಗೇಣು ಇರುವಾಗ ನಿಂತಿತು. ಹೆದರಿಕೆಯಲ್ಲಿ ಕಾಲು ಏನನ್ನೋ ತಡಕಾಡಿ ಇನ್ನೊಂದು ಪೆಡಲ್ ಮೇಲೆ ಬಿತ್ತು. ಅದು ಬಂದ ದಾರಿಯಲ್ಲೇ ಮುಂದಕ್ಕೆ ಓಡಿ, ನಿಂಬೆಹಣ್ಣನ್ನು ಒಡೆಯಿತು. ಆ ಸದ್ದಿಗೆ ಬೆಚ್ಚಿ ಕಾಲೆತ್ತಿದೆ. ನಿಂತಿತು.

ಕಣ್ಣು ಬಿಟ್ಟಾಗ ಲಾನಿನ ಮೇಲೆ ನೂಲು ಹಿಡಿದಂತೆ ಒಂದು ಕತ್ತರಿಸಿದ ಪಟ್ಟಿ, ಹಂಡೆಯಿಂದ ಒಡೆದ ನಿಂಬೆಹಣ್ಣಿನವರೆಗೆ. ಜನ ಚಪ್ಪಾಳೆ ತಟ್ಟುತ್ತಿದ್ದರು.

"ನಮ್ಮ ಲಾರಿ ಡ್ರೈವರಗೋಳಿಗೂ ಹಿಂತಾ ರಿವರ್ಸ್ ಬರೂದಿಲ್ಲ ನೋಡ್ರಿ," ಎಂದು ನಯಾಜಸಾಬರು ಎದ್ದು ನಿಂತು ಕೈ ಕೊಟ್ಟರು. ಶಾನವಾಜ ಓಡಿ ಬಂದು ಅಪ್ಪಿಕೊಂಡ. ಘಾಟಿಗೋ ಅಭಿಮಾನಕ್ಕೋ, ಅವನ ಕಣ್ಣಲ್ಲಿ ನೀರು. "ದುಲ್ಹಾಭಾಯಿ, ಹೊಳ್ಳಿ ಸುದ್ದಾ ನೋಡಲಿಲ್ಲಲ್ರಿ ನೀವು. ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ ಈ ವಿದ್ಯಾ?" ಹುಮಾ ನಗುತ್ತಿದ್ದಳು. ಉಂಗುರ ತೊಡಿಸುವಾಗಲೂ ನಗುತ್ತಿದ್ದಳು. ಅದನ್ನು ನೋಡಿ ನನ್ನ ಎದೆ ಖರೇ ಉಬ್ಬಿತು.

ಬೀಗರು ಹೋದ ಮೇಲೆ ಹಸೀನಾ ನನ್ನ ಚಪ್ಪಲಿ ಹಿಡಿದುಕೊಂಡು ಬಂದಳು.

"ಹೊಗಿ ಒಳಗ ಯಾರೂ ನೋಡಿಲ್ಲ, ನಾ ಒಬ್ಬಾಕಿ ನೋಡೇನಿ. ಕಣ್ಣು ಮುಚ್ಚಿದ್ರಿ."

ನಾನು ಚಪ್ಪಲಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ನೀವು ಹೆದರತೀರಂತ ನನಗ ಮದುವಿ ದಿನಾನ ಗೊತ್ತಾಗೇತಿ. ಕುದರಿ ಮ್ಯಾಲೆ ಕುಂತಾಗ ಕುದರಿ ಸುಮ್ಮನ ನಿಂತಿತ್ತು, ನೀವು ನಡಗಾಕತ್ತಿದ್ರಿ. ಅದಕ್ಕ ಕಾಲು ಎತ್ತಿದ್ರ ತಾನ ನಿಂದ್ರೂವಂಥಾದ್ದು ಕೊಡಂತ ಕೊಟ್ರೇಶಗ ಹೇಳಿದ್ದೆ."

ಇಷ್ಟು ವರ್ಷ ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ ಇವಳು. ಸಮಯ ಒಳ್ಳೆಯದೆಂದು ಮೆಲ್ಲಗೆ ಕೇಳಿದೆ: "ಗೊತ್ತಿದ್ದ ಮ್ಯಾಲೆ, ಒಬ್ಬ ಡ್ರೈವರನ್ನ ಇಡೂಣಲ್ಲ?"

"ಇನ್ನ ಹೆಂಗ ಇಡೂದು? ನಯಾಜಸಾಬರು ತಮ್ಮ ಡ್ರೈವರಗೋಳನ್ನ ಕರಕೊಂಡು ನಿಮ್ಮ ಕಡೆ ಕಲಿಸಾಕ ಬರತಾರಂತ. ಶಾನವಾಜ ಹೊಸರಿತ್ತಿ ಕಡೆ ರಿವರ್ಸ್ ಸ್ಪರ್ಧೆಗೆ ಫೋನ್ ಮಾಡಿ ನಿಮ್ಮ ಹೆಸರೂ ಕೊಟ್ಟಾನ. ಮಗಳ ಮಾನದ ಮಾತು."

"ಅಲ್ಲಿ ಹಿಂದ ಟ್ರೈಲರ್ ಇರತದೇನು?"

"ಇರತದ," ಎಂದು ಅವಳು ಚಪ್ಪಲಿ ತೆಗೆದುಕೊಂಡು ಹೋದಳು.

ಈಗ ಅದನ್ನು ರಿಪೇರಿ ಮಾಡಿಸಿ ತಂದಿಟ್ಟಿದ್ದಾಳೆ. ಹೊಸ ಪಟ್ಟಿ, ಎರಡು ಹೊಲಿಗೆ, ಹಾಕಿಕೊಂಡರೆ ಎಷ್ಟು ಝಾಡಿಸಿದರೂ ಕಾಲಿನಿಂದ ಬೀಳುವುದಿಲ್ಲ. ನನಗಿದ್ದ ಬ್ರೇಕು ಅದೊಂದೇ ಆಗಿತ್ತು.