ಡ್ರಿಲ್ ಮೇಷ್ಟ್ರ ಹಿಮ್ಮಡಿ

ಬೇರೆಯವರಿಗೆ ಕಾಯಿಲೆ ಬಂದರೆ ನೋಡಲು ಬಂದವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನನಗೆ ಬಂದಾಗ ಸೆರಗು, ಟವೆಲು ಏನು ಸಿಕ್ಕಿತೋ ಅದನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ಎರಡು ವರ್ಷ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇತ್ತು. ಎಲ್ಲದಕ್ಕೂ ಕಾರಣ ನನ್ನ ಎಡಗಾಲಿನ ಹಿಮ್ಮಡಿ.

ಕೊಡಗು ಇನ್ನೂ ತನ್ನದೇ ಸರ್ಕಾರ ಇಟ್ಟುಕೊಂಡ ಸಣ್ಣ ರಾಜ್ಯವಾಗಿದ್ದ ಕಾಲ ಅದು. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ನಾನು ಮಾತ್ರ ನೇಗಿಲು ಬಿಟ್ಟು ವಿಷಲ್ ಹಿಡಿದು ಮಾದಾಪುರದ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಕೆಲಸ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಹೆಂಡತಿ, ಆರು ತಿಂಗಳ ಮಗಳು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಎಡಗಾಲು ಊರಿದೆ ನೋಡಿ, ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಬಗ್ಗಿ ನೋಡಿದರೆ ಮೊಳೆಯೂ ಇಲ್ಲ, ಮುಳ್ಳೂ ಇಲ್ಲ. ಊದಿಲ್ಲ, ಕೆಂಪಾಗಿಲ್ಲ.

ಹೆಂಡತಿ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿ, "ಏನೂ ಕಾಣ್ತಿಲ್ವಲ್ಲ ರೀ" ಅಂದಳು.

ಮುಂದಿನ ಎರಡು ವರ್ಷ ಕಾಲು ಹಿಡಿದು ನೋಡಿದ ಡಾಕ್ಟರು, ಪಂಡಿತರು, ನೆಂಟರು ಎಲ್ಲರೂ ಹೇಳಿದ್ದು ಅದನ್ನೇ.

೧. ಸದ್ದಿಲ್ಲದ ನಡಿಗೆ

ಹಿಮ್ಮಡಿ ಊರಿದರೆ ತಾನೆ ನೋವು, ಊರುವುದೇ ಬೇಡ ಅಂತ ತುದಿಗಾಲಲ್ಲಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಹೆಡ್‌ಮೇಷ್ಟ್ರಿಗೆ ಹೇಳುವ ಧೈರ್ಯ ಇರಲಿಲ್ಲ. ಕಾಲೇ ಕೆಟ್ಟ ಡ್ರಿಲ್ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಲ್ಲಿಯವರೆಗೆ ನನ್ನ ಬೂಟಿನ ಸದ್ದು ಕೇಳಿದರೆ ಇಡೀ ಶಾಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿತ್ತು. ಈಗ ಸದ್ದೇ ಇಲ್ಲ. ಸೋಮವಾರ ಕನ್ನಡ ಪಂಡಿತರ ಕ್ಲಾಸಿಗೆ ಚಾಕ್‌ಪೀಸ್ ಕೇಳಲು ಹೋದರೆ, ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಅವರು ಮೇಜಿನ ಡ್ರಾಯರಿನಿಂದ ಹಲಸಿನ ಹಪ್ಪಳ ತೆಗೆದು ತಿನ್ನುತ್ತಿದ್ದರು. ನನ್ನನ್ನು ಕಂಡು ಬಾಯಲ್ಲಿದ್ದದ್ದನ್ನು ಅಗಿಯಲೂ ಆಗದೆ ನುಂಗಲೂ ಆಗದೆ ಕೂತರು. ಮಂಗಳವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ. ಒಳಗೆ ಲೆಕ್ಕದ ಮೇಷ್ಟ್ರು ಹೇಳುತ್ತಿದ್ದರು: "ಡ್ರಿಲ್ ಮೇಷ್ಟ್ರು ಸಂಬಳ ತಗೊಳ್ಳೋದು ಒನ್, ಟೂ ಎಣಿಸೋಕೆ. ತ್ರೀ ಬಂದರೆ ಆಸಾಮಿ ತಡವರಿಸ್ತಾನೆ." ಬುಧವಾರ ಹೆಡ್‌ಮೇಷ್ಟ್ರ ಕೋಣೆಗೇ ಹೋದೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಮೆಲ್ಲಗೆ "ಸಾರ್" ಅಂದೆ. ಧಡಕ್ಕನೆ ಎದ್ದು ನಿಂತು "ಪ್ರೆಸೆಂಟ್ ಸಾರ್!" ಅಂದರು.

ಅವತ್ತು ಸಂಜೆ ಬಾಗಿಲು ಹಾಕಿಕೊಂಡು ಕೇಳಿದರು. "ನಿಜ ಹೇಳಿ. ನಮ್ಮ ಮೇಲೆ ಕಣ್ಣಿಡೋಕೆ ಮಡಿಕೇರಿ ಆಫೀಸಿನೋರು ಹೇಳಿದಾರಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಹಿಮ್ಮಡಿಯ ಕಥೆ ಹೇಳಿದೆ. ಅವರಿಗೆ ಹೋದ ಜೀವ ಬಂತು. "ಅಷ್ಟೇನಾ! ಇನ್‌ಸ್ಪೆಕ್ಟರ ಕಿವಿಗೆ ಬೀಳದ ಹಾಗೆ ನೋಡ್ಕೊಳ್ಳೋಣ. ಆದರೆ ವಾಸಿಯಾಗೋ ತನಕ ಕೆಮ್ಮುತ್ತಾ ಓಡಾಡಿ ಮೇಷ್ಟ್ರೇ, ನಮಗೆಲ್ಲ ಅನುಕೂಲ."

ಕೆಲಸ ಉಳಿದರೆ ಸಾಕು ಅಂತ ಕೆಮ್ಮಿದೆ. ವರಾಂಡದಲ್ಲಿ, ಮೈದಾನದಲ್ಲಿ, ಅಭ್ಯಾಸಬಲದಿಂದ ರಸ್ತೆಯಲ್ಲೂ ಕೆಮ್ಮಿದೆ. ಬಸ್ ನಿಲ್ಲುವ ಕಡೆ ಚಾ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕ ಒಂದು ದಿನ ಹೊಸ ಗ್ಲಾಸಿನಲ್ಲಿ ಚಾ ತಂದಿಟ್ಟರು. "ಮಾಷೇ, ಇದ್ ನಿಮ್ದೇ ಗ್ಲಾಸ್. ಬೇರೆ ಯಾರಿಗೂ ಕೊಡೂದಿಲ್ಲ." ಮಾದಾಪುರದಲ್ಲಿ ಯಾವ ಮೇಷ್ಟ್ರಿಗೂ ಸ್ವಂತ ಗ್ಲಾಸ್ ಇರಲಿಲ್ಲ. ಹೆಮ್ಮೆಯಿಂದ ಮನೆಗೆ ಬಂದು ಹೇಳಿದೆ. ಹೆಂಡತಿ ಮುಖ ಬಾಡಿಸಿಕೊಂಡು ನಿಂತಿದ್ದಳು.

"ಬಾವಿ ಹತ್ರ ಎಲ್ಲರೂ ಹೇಳ್ತಿದಾರೆ, ನಿಮಗೆ ಕ್ಷಯವಂತೆ!"

ಅದುವರೆಗೆ ಆ ಗ್ಲಾಸನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ.

೨. ನೋವನ್ನು ಹೊತ್ತುಕೊಂಡು ಹೋದದ್ದು

ನನ್ನ ನೋವಿಗೆ ಒಂದು ಕೆಟ್ಟ ಗುಣವಿತ್ತು. ಮಲಗಿ ಎದ್ದಾಗ, ಕೂತು ಎದ್ದಾಗ ಪ್ರಾಣ ಹೋಗುವಷ್ಟು ನೋವು. ನೂರು ಹೆಜ್ಜೆ ನಡೆದರೆ ಮಾಯ. ಮತ್ತೆ ಕೂತರೆ ಮತ್ತೆ ಹಾಜರು.

ಮಡಿಕೇರಿ ಆಸ್ಪತ್ರೆಗೆ ಹೋದೆ. ಬಸ್ ಇಳಿಯುವಾಗ ಅಯ್ಯೋ ಅಂದೆ. ಏರು ಹತ್ತಿ ಆಸ್ಪತ್ರೆ ತಲುಪುವಷ್ಟರಲ್ಲಿ ಕಾಲು ಹೂವಿನ ಹಾಗಿತ್ತು. ಡಾಕ್ಟರು ಒಳ್ಳೆಯವರು, ಹಿಮ್ಮಡಿಯ ಸುತ್ತ ಒತ್ತಿ ಒತ್ತಿ ಕೇಳಿದರು. "ಇಲ್ಲಿ ನೋಯುತ್ತಾ?" ಇಲ್ಲ. "ಇಲ್ಲಿ?" ಇಲ್ಲ. "ಮತ್ತೆ ಯಾತಕ್ಕೆ ಬಂದಿರಿ?"

"ಬೆಳಿಗ್ಗೆ ಇತ್ತು ಸಾರ್."

"ಹಾಗಾದರೆ ಇರುವಾಗ ಬನ್ನಿ" ಅಂದರು.

ಇರುವಾಗ ಹೋಗುವುದು ಹೇಗೆ? ನನ್ನ ಹೆಂಡತಿಯ ತಮ್ಮ ಆಗ ಕುಶಾಲನಗರದ ಕಡೆಯಿಂದ ಬಂದಿದ್ದ. ಹೊಗೆಸೊಪ್ಪಿನ ಮೂಟೆ ಎತ್ತಿ ಎತ್ತಿ ಎಮ್ಮೆಯ ಹಾಗಿದ್ದ. ಅವನೇ ದಾರಿ ಹುಡುಕಿದ. "ಭಾವ, ಬಸ್ಸಿಳಿದ ಮೇಲೆ ನೀವು ಕಾಲು ನೆಲಕ್ಕೆ ಇಡಬೇಡಿ. ನಾನು ಹೊತ್ಕೊಂಡು ಹೋಗ್ತೀನಿ. ನೋವು ಕೆಡದ ಹಾಗೆ ಡಾಕ್ಟ್ರ ಮುಂದೆ ಇಳಿಸ್ತೀನಿ."

ಹಾಗೇ ಮಾಡಿದೆವು. ಬಸ್ಸಿನ ಮೆಟ್ಟಿಲಿನಿಂದ ನೇರ ಅವನ ಬೆನ್ನಿಗೆ. ಮಡಿಕೇರಿಯ ರಸ್ತೆ ನಿಮಗೆ ಗೊತ್ತು, ಒಂದೋ ಏರು, ಇಲ್ಲದಿದ್ದರೆ ಇಳಿತ. ನಮಗೆ ಸಿಕ್ಕಿದ್ದು ಏರು. ಬೂಟು, ಕೋಟು ಹಾಕಿಕೊಂಡ ಮೇಷ್ಟ್ರನ್ನು ಒಬ್ಬ ಏದುಸಿರು ಬಿಡುತ್ತಾ ಹೊತ್ತು ಓಡುವುದನ್ನು ನೋಡಿ ಜನ ದಾರಿ ಬಿಟ್ಟರು. ಒಬ್ಬಾಕೆ ಲೊಚಗುಟ್ಟಿ, "ಇನ್ನೂ ಸಣ್ಣ ಪ್ರಾಯ" ಅಂದಳು. ಆಸ್ಪತ್ರೆಯಲ್ಲಿ ಸಾಲಿನಲ್ಲಿದ್ದವರೆಲ್ಲ "ಮೊದಲು ಇವರನ್ನು ಬಿಡಿ" ಅಂತ ನಮ್ಮನ್ನು ಒಳಗೆ ಕಳಿಸಿದರು. ಡಾಕ್ಟರ ಮುಂದೆ ಭಾವಮೈದ ನನ್ನನ್ನು ಇಳಿಸಿದ. ಹಿಮ್ಮಡಿ ನೆಲಕ್ಕೆ ತಾಗಿತು. "ಅಯ್ಯಪ್ಪಾ!" ಅಂತ ಕಿರುಚಿದೆ. ನೋವು ಒಂದಿಷ್ಟೂ ಕೆಟ್ಟಿರಲಿಲ್ಲ.

ಅಷ್ಟರಲ್ಲಿ ನನಗಿಂತ ಜೋರಾಗಿ ಇನ್ನೊಂದು ಕಿರುಚಾಟ ಕೇಳಿತು. ಭಾವಮೈದ ಬಗ್ಗಿದವನು ಬಗ್ಗಿದ ಹಾಗೇ ನಿಂತಿದ್ದ. ಸೊಂಟ ಹಿಡಿದುಕೊಂಡಿತ್ತು.

ಡಾಕ್ಟರು ಇಬ್ಬರನ್ನೂ ನೋಡಿದರು. ನನ್ನ ಕಾಲಿನಲ್ಲಿ ಎಂದಿನಂತೆ ಏನೂ ಕಾಣಲಿಲ್ಲ. ಅವನಿಗೆ ಎಣ್ಣೆ, ಮಾತ್ರೆ, ಎರಡು ವಾರ ವಿಶ್ರಾಂತಿ ಬರೆದುಕೊಟ್ಟರು. ವಾಪಸ್ ಬಸ್ ನಿಲ್ದಾಣದವರೆಗೆ ನಾನೇ ಅವನನ್ನು ಹಿಡಿದುಕೊಂಡು ನಡೆಸಿದೆ. ದಾರಿಯಲ್ಲಿ ಅದೇ ಹೆಂಗಸು ಎದುರಾಗಿ, ಗಾಬರಿಯಿಂದ "ಅದು ಅಂಟುವ ಕಾಯಿಲೆಯಾ?" ಅಂತ ಕೇಳಿ ಆಚೆ ಬದಿಗೆ ಸರಿದಳು.

೩. ಹಲ್ಲು

ಮೈಸೂರಿನಲ್ಲಿ ಒಬ್ಬ ಬುದ್ಧಿವಂತ ಡಾಕ್ಟರು ಇದ್ದಾರೆ, ಯಾರಿಗೂ ಸಿಗದ ಕಾಯಿಲೆ ಅವರಿಗೆ ಸಿಗುತ್ತದೆ ಅಂತ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಹೇಳಿದರು. ರಜೆ ಹಾಕಿ ಹೋದೆ.

ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಇಷ್ಟು ಚೆಂದದ ಹಿಮ್ಮಡಿ ಮೂಳೆ ನಾನು ಈಚೆಗೆ ನೋಡಿಲ್ಲ" ಅಂದರು. ನನಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ "ಬಾಯಿ ತೆಗೀರಿ" ಅಂದರು. ತೆಗೆದೆ. ಟಾರ್ಚ್ ಬಿಟ್ಟು, "ಆ! ಇಲ್ಲಿದೆ" ಅಂದರು.

ಒಳಗಿನ ದವಡೆ ಹಲ್ಲೊಂದು ಹುಳುಕಾಗಿತ್ತು. ಅದರ ವಿಷ ರಕ್ತದಲ್ಲಿ ಇಳಿದು ಇಳಿದು ಹಿಮ್ಮಡಿಗೆ ಹೋಗಿ ಕೂತಿದೆಯಂತೆ. ಬೇರು ಕಿತ್ತರೆ ನೋವು ತಾನಾಗಿ ಹೋಗುತ್ತದಂತೆ. ಆ ಕಾಲಕ್ಕೆ ದೊಡ್ಡ ಡಾಕ್ಟರುಗಳು ಹೀಗೆ ಹೇಳುವುದಿತ್ತು. ಬೇಡ ಅನ್ನಲು ನಾನ್ಯಾರು? ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಕೊಟ್ಟು ಕಳಿಸಿದರು. ಅವರು ಚೀಟಿ ಓದಿ, ನನ್ನ ಕಾಲನ್ನೊಮ್ಮೆ ಬಾಯನ್ನೊಮ್ಮೆ ನೋಡಿ, ಏನೂ ಕೇಳದೆ ಹಲ್ಲು ಕಿತ್ತರು.

ಕೆನ್ನೆ ಬನ್ನಿನ ಹಾಗೆ ಊದಿಸಿಕೊಂಡು, ಕುಂಟುತ್ತಾ ಮನೆಗೆ ಬಂದೆ. ಹೆಂಡತಿಗೆ ವಿಷಯ ತಿಳಿಸಲು ಬಾಯಿ ತೆರೆಯಲಾಗದೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವಳು ಎರಡು ಸಲ ಓದಿದಳು.

"ಸದ್ಯ" ಅಂದಳು, "ಹಲ್ಲು ನೋವು ಅಂತ ಹೋಗಿರಲಿಲ್ವಲ್ಲ. ಕಾಲು ಕತ್ತರಿಸಿ ಕಳಿಸೋರು!"

೪. ಸುಬೇದಾರರ ಮದ್ದು

ಈಗ ನಗುತ್ತಾ ಹೇಳುತ್ತೇನೆ, ಆಗ ಎಲ್ಲ ದಿನವೂ ನಗು ಇರಲಿಲ್ಲ. ಬೆಳಿಗ್ಗೆ ತೊಟ್ಟಿಲಲ್ಲಿ ಮಗಳು ಅಳುತ್ತಿದ್ದರೆ ಹಾಸಿಗೆಯಿಂದ ಅಲ್ಲಿಗೆ ಮೂರೇ ಹೆಜ್ಜೆ. ಆ ಮೂರು ಹೆಜ್ಜೆಗೆ ಹೆದರಿ ಕೂತಿರುತ್ತಿದ್ದೆ. ಹೆಂಡತಿ ಒಲೆ ಬಿಟ್ಟು ಬಂದು ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಕಾಣದ ನೋವನ್ನು ನಂಬಿದವಳು ಅವಳೊಬ್ಬಳೇ.

ಅವಳನ್ನು ಬಿಟ್ಟರೆ ನಂಬಿದವರೆಂದರೆ ನಮ್ಮ ದಾರಿಯಲ್ಲಿ ಮನೆಯಿದ್ದ ಒಬ್ಬ ಕೊಡವ ಸುಬೇದಾರರು. ಪಲ್ಟನ್ನಿನಿಂದ ನಿವೃತ್ತರಾಗಿ ಬಂದವರು. ಗೇಟಿನಲ್ಲಿ ನಿಂತು ಕೂಗಿದರು. "ಎಂತ ಮೇಷ್ಟ್ರೇ ಇದು! ಯುದ್ಧಕ್ಕೆ ಹೋಗಿ ಬಂದದ್ದು ನಾನು, ಕುಂಟುವುದು ನೀವಾ?" ಒಳಗೆ ಹೋಗಿ ಒಂದು ಬಾಟಲಿ ತಂದರು. "ಕಾಡುಹಂದಿಯ ನೆಣ. ಹಳೇದು. ಬೆಳಿಗ್ಗೆ ಚೆಂದ ತಿಕ್ಕಿ ಬೂಟು ಹಾಕಿ. ವಾರದಲ್ಲಿ ನೀವು ಓಡದಿದ್ದರೆ ನನ್ನ ಮೀಸೆ ಬೋಳಿಸ್ತೇನೆ."

ಅವರ ಮೀಸೆ ಇಡೀ ಊರಿಗೆ ಹೆಮ್ಮೆಯದು. ಅದಕ್ಕೆ ಅಪಾಯ ಬರಬಾರದು ಅಂತ ಬಾಟಲಿ ತಂದೆ. ಮುಚ್ಚಳ ತೆಗೆದ ಕೂಡಲೇ ಹೆಂಡತಿ ಅಡಿಗೆಮನೆಯಿಂದಲೇ ಹೇಳಿದಳು: "ಅದು ಒಳಗೆ ಬಂದರೆ ನಾನು ಹೊರಗೆ." ಕೊಟ್ಟಿಗೆಯಲ್ಲಿ ಕೂತು ತಿಕ್ಕಿಕೊಂಡು ಶಾಲೆಗೆ ಹೊರಟೆ.

ಮೊದಲ ತಿರುವಿನಲ್ಲಿ ಒಂದು ನಾಯಿ ಹಿಂದೆ ಬಂತು. ಎಸ್ಟೇಟಿನ ಕೂಲಿಯವರ ಲೈನುಮನೆಗಳ ಹತ್ತಿರ ಇನ್ನು ಮೂರು. ಚಾ ಅಂಗಡಿ ದಾಟುವಾಗ ತಿರುಗಿ ನೋಡಿದರೆ ಏಳು. ಒಂದೂ ಬೊಗಳುವುದಿಲ್ಲ. ನನ್ನ ಎಡಗಾಲಿನ ಮೇಲೆ ಕಣ್ಣಿಟ್ಟು ಒಂದರ ಹಿಂದೆ ಒಂದು ಸಾಲಾಗಿ ಬರುತ್ತಿವೆ. ನಾನು ನಿಂತರೆ ನಿಲ್ಲುತ್ತವೆ, ನಡೆದರೆ ನಡೆಯುತ್ತವೆ. ಗೇಟು ದಾಟಿ ಪ್ರಾರ್ಥನೆಯ ಸಾಲಿನ ಮುಂದೆ ನಿಂತೆ. ಏಳೂ ನನ್ನ ಹಿಂದೆ ಕೂತವು.

ಇಷ್ಟು ಶಿಸ್ತಾಗಿ ನನ್ನ ಯಾವ ಕ್ಲಾಸೂ ಅದುವರೆಗೆ ನಡೆದಿರಲಿಲ್ಲ.

೫. ಇನ್‌ಸ್ಪೆಕ್ಷನ್

ನೋವು ಕೊನೆಗೊಂದು ದಿನ ಹೋಯಿತು ಅನ್ನಿ. ಯಾಕೆ ಬಂತು ಅಂತ ಹೇಗೆ ತಿಳಿಯಲಿಲ್ಲವೋ, ಯಾಕೆ ಹೋಯಿತು ಅಂತಲೂ ಹಾಗೇ ತಿಳಿಯಲಿಲ್ಲ. ಆದರೆ ಹೋಗುವ ಮೊದಲು ಶಾಲೆಗೆ ಒಂದು ಉಪಕಾರ ಮಾಡಿ ಹೋಯಿತು.

ಶಾಲಾ ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು. ಡ್ರಿಲ್ ನೋಡಿ ಅವರು ಒಪ್ಪಿದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ. ಹೆಡ್‌ಮೇಷ್ಟ್ರು ಉಪಾಯ ಹೇಳಿದರು. "ನೀವು ಮೈದಾನದ ಮಧ್ಯ ಕಂಬದ ಹಾಗೆ ನಿಂತು ವಿಷಲ್ ಊದಿ. ಒಂದು ಹೆಜ್ಜೆಯೂ ಹಾಕಬೇಡಿ. ಮಕ್ಕಳು ನಡೀಲಿ."

ಅವತ್ತು ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತರು. ನಾನು ಊದಿದೆ. ಮಕ್ಕಳು ಹೊರಟರು. ದಿನಾ ನಾನು ಮುಂದೆ ನಡೆಯುವವನು, ಹಿಂದೆ ಅವರು ಹೇಗೆ ಬರುತ್ತಾರೆ ಅಂತ ನೋಡಿದವನಲ್ಲ. ಅವತ್ತೇ ಮೊದಲು ನೋಡಿದ್ದು.

ಇಡೀ ಶಾಲೆ ಕುಂಟುತ್ತಿತ್ತು.

ಎಡಗಾಲು ತುದಿಯಲ್ಲಿ ಮೆಲ್ಲಗೆ, ಬಲಗಾಲು ಪೂರ್ತಿ ಊರಿ. ಎಡಗಾಲಿಗೆ ಎಲ್ಲರ ತಲೆಯೂ ಒಟ್ಟಿಗೆ ಏಳುತ್ತಿತ್ತು, ಬಲಗಾಲಿಗೆ ಒಟ್ಟಿಗೆ ತಗ್ಗುತ್ತಿತ್ತು. ಒಂದೂವರೆ ವರ್ಷದಿಂದ ನನ್ನ ಹೆಜ್ಜೆ ನೋಡಿ ನೋಡಿ ಅದೇ ಸರಿಯಾದ ಮಾರ್ಚ್ ಅಂತ ಕಲಿತಿದ್ದರು. ಒಬ್ಬರೂ ತಪ್ಪುತ್ತಿರಲಿಲ್ಲ. ಕೊನೆಯಲ್ಲಿದ್ದ ಒಂದನೇ ಕ್ಲಾಸಿನ ಚಿಳ್ಳೆಗಳು ಇನ್ನೂ ಚೆನ್ನಾಗಿ ಕಲಿತಿದ್ದವು. ಎಡಗಾಲು ಊರಿದಾಗಲೆಲ್ಲ ಮುಖ ಕಿವುಚಿ, ಹಲ್ಲು ಕಚ್ಚಿ "ಸ್ಸ್" ಅನ್ನುತ್ತಿದ್ದವು.

ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಊದಿದರೂ ನನ್ನ ವಿಷಲ್‌ನಿಂದ ಸದ್ದು ಬರಲಿಲ್ಲ.

ಇನ್‌ಸ್ಪೆಕ್ಟರು ಎದ್ದರು. ಮೈದಾನಕ್ಕಿಳಿದು ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೆಲ ನೋಡಿದರು. "ಒಂದು ಚೆಂಡು ತನ್ನಿ" ಅಂದರು. ತಂದುಕೊಟ್ಟೆವು. ನೆಲಕ್ಕೆ ಇಟ್ಟರು. ನಮ್ಮ ಕೊಡಗಿನಲ್ಲಿ ಸಮನಾದ ನೆಲ ಎಲ್ಲಿಯದು? ಚೆಂಡು ಉರುಳಿಕೊಂಡು ಹೋಗಿ ಕಾಫಿ ಗಿಡಗಳೊಳಗೆ ಮರೆಯಾಯಿತು.

"ನೋಡಿದಿರಾ ಹೆಡ್‌ಮೇಷ್ಟ್ರೇ! ಈ ಇಳಿಜಾರಿನಲ್ಲಿ ನಡೆದೂ ನಡೆದೂ ಪಾಪದ ಮಕ್ಕಳ ಕಾಲು ಹೀಗಾಗಿದೆ. ಇಂಥ ಜಾಗದಲ್ಲೂ ಒಂದು ಹೆಜ್ಜೆ ತಪ್ಪದ ಹಾಗೆ ಕಲಿಸಿದಾರಲ್ಲ. ಎಲ್ಲಿ ಡ್ರಿಲ್ ಮೇಷ್ಟ್ರು, ಬನ್ನಿ ಇಲ್ಲಿ."

ಹೋಗದೆ ಗತಿಯಿಲ್ಲ. ಅಷ್ಟು ಹೊತ್ತು ಕಂಬದ ಹಾಗೆ ನಿಂತಿದ್ದೆನಲ್ಲ, ಮೊದಲ ಹೆಜ್ಜೆಗೇ ಹಿಮ್ಮಡಿಗೆ ಮೊಳೆ ಹೊಡೆಯಿತು. ಕುಂಟುತ್ತಾ, "ಸ್ಸ್" ಅನ್ನುತ್ತಾ ಹತ್ತಿರ ಹೋದೆ. ಇನ್‌ಸ್ಪೆಕ್ಟರು ನನ್ನ ಕಾಲನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಅಯ್ಯೋ, ನಿಮಗೂ ಬಂದುಬಿಟ್ಟಿದೆಯಲ್ಲ!"

ತಿಂಗಳೊಳಗೆ ಎರಡು ಕಾಗದ ಬಂದವು. ಒಂದು, ನನ್ನ ಕೆಲಸ ಖಾಯಂ. ಇನ್ನೊಂದು, ಮಕ್ಕಳ ಆರೋಗ್ಯದ ದೃಷ್ಟಿಯಿಂದ ಮೈದಾನವನ್ನು ಕೂಡಲೇ ಸಮತಟ್ಟು ಮಾಡಿಸತಕ್ಕದ್ದು. ಹೆಡ್‌ಮೇಷ್ಟ್ರು ಆ ಮೈದಾನಕ್ಕಾಗಿ ವರ್ಷಗಟ್ಟಲೆ ಅರ್ಜಿ ಬರೆದು ಬರೆದು ಕೈಬಿಟ್ಟವರು. ಕಾಗದ ಓದಿ ಮುಗಿಸಿ ಅದನ್ನು ಎದೆಗೆ ಒತ್ತಿಕೊಂಡರು. ಆಮೇಲೆ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, ಎರಡೂ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಹೇಳಿದರು.

"ಮೇಷ್ಟ್ರೇ, ಇಲ್ಲ ಅನ್ನಬೇಡಿ. ಮುಂದಿನ ಇನ್‌ಸ್ಪೆಕ್ಷನ್ನಿಗೆ ಮೊದಲು ಒಂದು ಸ್ವಲ್ಪ ಸೊಂಟ ನೋವು ಬರಿಸಿಕೊಳ್ಳಿ. ಮಕ್ಕಳಿಗೆ ಕೂರೋಕೆ ಬೆಂಚಿಲ್ಲ."