ನನ್ನ ಹೆಬ್ಬೆರಳೂ ಚೀನಾ ಕತ್ತರಿಯೂ

ಗಂಡಸಿನ ಮಾನ ಮೀಸೆಯಲ್ಲಿರುತ್ತದೆ ಎನ್ನುತ್ತಾರೆ. ನನ್ನದು ಬಲಗೈ ಹೆಬ್ಬೆರಳಿನಲ್ಲಿತ್ತು. ಐದನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ದ್ರಾಕ್ಷಿ ತೋಟ ಹೊಕ್ಕವನು ನಾನು. ಅಂದಿನಿಂದ ಕವಾತು, ಅಂದರೆ ಚಪ್ಪರದ ಬಳ್ಳಿ ಸವರುವುದು, ನನ್ನ ಕೆಲಸ. ಯಾವ ಕಡ್ಡಿಯಲ್ಲಿ ಎಷ್ಟು ಚಿಗುರುಗಣ್ಣು ಉಳಿಸಬೇಕು ಎಂದು ನನ್ನ ಕತ್ತರಿಗೆ ಗೊತ್ತು. ನಮ್ಮ ಕಣಿವೆಯಲ್ಲಿ ಚಿನ್ನಮನೂರಿನಿಂದ ಗೂಡಲೂರಿನವರೆಗೆ ತೋಟದವರು ನನಗೇ ಹೇಳಿಕಳಿಸುತ್ತಾರೆ. ಅಂಥ ಹೆಬ್ಬೆರಳು ಹೋದ ಕವಾತಿನಲ್ಲಿ ಮಡಿಚಿಕೊಂಡದ್ದು, ಬಿಚ್ಚಿಕೊಳ್ಳಲೇ ಒಲ್ಲದು. ಡಾಕ್ಟರು, “ಕತ್ತರಿ ಬಿಟ್ಟುಬಿಡಿ” ಎಂದರು. ಊಟ ಬಿಡಿ ಎಂದಿದ್ದರೆ ಸ್ವಲ್ಪ ಯೋಚಿಸುತ್ತಿದ್ದೆನೋ ಏನೋ.

ನನ್ನ ಹೆಂಡತಿ ಲಕ್ಕಮ್ಮ ನನ್ನ ಅಕ್ಕನ ಮಗಳೇ. ಮದುವೆಗೆ ಮುಂಚೆಯೂ ನಾನು ಅವಳಿಗೆ ಮಾವ, ಈಗಲೂ ಮಾವ; ಮರ್ಯಾದೆ ಮಾತ್ರ ಮುಂಚೆ ಜಾಸ್ತಿಯಿತ್ತು. ಅವಳು ದಿಂಡಿಗಲ್ಲಿಗೆ ನೆಂಟರ ಮನೆಗೆ ಹೋದವಳು ಬ್ಯಾಟರಿಯ ಚೀನಾ ಕತ್ತರಿ ತಂದಳು. ಕೈಯಲ್ಲಿ ಬೀಗ ಮಾಡಿ ಹೆಸರಾದ ಊರು ಅದು. ಅಲ್ಲೂ ಈಗ ಅಂಗಡಿಯ ತುಂಬ ಚೀನಾ ಬೀಗವಂತೆ.

“ಇದ ಒಂದ್ಸಲ ಅಮುಕು ಮಾವಾ, ಸಾಕು. ಅದೇ ಕಡೀತದೆ.”

“ಅದೇ ಕಡಿಯೋದಾದ್ರೆ ಕೂಲೀನೂ ಅದ್ಕೇ ಕೊಡು ಅನ್ನು!”

“ಕೊಡ್ತಾರೆ. ಅದು ನಿನ್ನಂಗೆ ಬಾಯಿ ಮಾಡಾಕಿಲ್ಲ.”

ಕತ್ತರಿ ಪೆಟ್ಟಿಗೆಯಲ್ಲೇ ಉಳಿಯಿತು. ಆಮೇಲೆ ಆಯುಧಪೂಜೆ ಬಂತು. ಲಕ್ಕಮ್ಮ ನನ್ನ ಹಳೇ ಕತ್ತರಿಯ ಪಕ್ಕ ಅದನ್ನೂ ಮಣೆಯ ಮೇಲಿಟ್ಟು, “ಅದ್ಕೂ ಕುಂಕುಮದ ಪೊಟ್ಟು ಮಡಗು ಮಾವಾ, ಪಾಪ, ದೂರದಿಂದ ಬಂದದೆ” ಎಂದಳು. ಅತಿಥಿಯ ಮೇಲೆ ಹಗೆ ಸಾಧಿಸುವ ಜಾತಿಯವನಲ್ಲ ನಾನು. ಆಯುಧದ ಜೀವ ಎಲ್ಲಿದೆಯೋ ಅಲ್ಲಿಗೆ ಗಂಧ ಹಚ್ಚಬೇಕೆಂದು ನಮ್ಮಜ್ಜ ಹೇಳುತ್ತಿದ್ದ. ಹಳೆಯದಕ್ಕೆ ನಡುವಿನ ಮೊಳೆಗೆ ಹಚ್ಚಿದೆ. ಇದರ ಜೀವ ಬ್ಯಾಟರಿ ತಾನೆ? ಬಿಚ್ಚಿ, ಒಳಗಿನ ಹಿತ್ತಾಳೆ ತಗಡುಗಳಿಗೆ ಭಕ್ತಿಯಿಂದ ದಪ್ಪಗೆ ಬಳಿದು, ಮೇಲೊಂದು ಕುಂಕುಮದ ಬೊಟ್ಟಿಟ್ಟು ಮುಚ್ಚಿದೆ.

ಹಬ್ಬ ಮುಗಿದ ಮೇಲೆ ಮಾರ್ಕಯನ್‌ಕೋಟ್ಟೈ ಊರಿನ ತೋಟದಲ್ಲಿ ಕವಾತು. ಹಳೇ ಕತ್ತರಿಯಲ್ಲೇ ಶುರುಮಾಡಿದೆ. ಬಿಸಿಲೇರುವಷ್ಟರಲ್ಲಿ ಬೆರಳು ಸತ್ಯಾಗ್ರಹಕ್ಕೆ ಕೂತಿತು. ತೋಟದ ಅಯ್ಯನವರು ಬಂದು ನೋಡಿ, ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಏಪ್ಪಾ, ಕೈ ನೋವಾ? ನಾಳೆಗೆ ಬೇರೆ ಆಳ ನೋಡ್ಲಾ?” ಎಂದು ಮೆಲ್ಲಗೆ ಕೇಳಿ, ಸಂಜೆ ಬರುತ್ತೇನೆಂದು ಹೋದರು. ಅವರಪ್ಪನ ಕಾಲದಿಂದ ಆ ಚಪ್ಪರಕ್ಕೆ ಇನ್ನೊಬ್ಬನ ಕತ್ತರಿ ಬಿದ್ದದ್ದಿಲ್ಲ.

ಜೊತೆಗೆ ಬಂದಿದ್ದ ಲಕ್ಕಮ್ಮ ಬುತ್ತಿಯ ಚೀಲದಿಂದ ಚೀನಾ ಕತ್ತರಿ ತೆಗೆದುಕೊಟ್ಟಳು. ಅಮುಕಿದೆ. ಉಸಿರಿಲ್ಲ. “ನೋಡಿದ್ಯಾ ನಿನ್ನ ಸೀನಾ ಕತ್ತರೀನ!” ಎಂದೆ. ಅವಳು ಬ್ಯಾಟರಿ ಬಿಚ್ಚಿದಳು, ಒಣಗಿದ ಗಂಧ ನೋಡಿದಳು, ನನ್ನನ್ನು ನೋಡಿದಳು. “ಮಾವಾ, ಇದ್ಕೆ ಪೂಜೆ ಮಾಡ್ದಿಯಾ, ಸಮಾಧಿ ಮಾಡ್ದಿಯಾ?” ಸೆರಗಿನಲ್ಲಿ ಉಜ್ಜಿ ಉಜ್ಜಿ ಒರೆಸಿ ಮತ್ತೆ ಸಿಕ್ಕಿಸಿದಳು. ತೋರುಬೆರಳಿನಿಂದ ಮುಟ್ಟಿದೆನಷ್ಟೆ, ಹೆಬ್ಬೆರಳು ದಪ್ಪದ ಕಡ್ಡಿ ಸೌತೆಕಾಯಿಯಂತೆ ಬಿತ್ತು.

ಚಪ್ಪರದ ಕೆಳಗೆ ಕತ್ತೆತ್ತಿಕೊಂಡು ಹೋಗುತ್ತ ಹೋಗುತ್ತ ನನಗೆ ಆ ಕಾಣದ ಚೀನಾದವನ ಮೇಲೆ ಮನಸ್ಸು ಕರಗಿತು. ಅವರು ಜಗತ್ತನ್ನೆಲ್ಲ ಅಗ್ಗದ ಸಾಮಾನಿನಿಂದ ಹೊಡೆದು ಕೆಡವಿದರು ಎಂದು ಟೀ ಅಂಗಡಿಯಲ್ಲಿ ನಾನೂ ಗಂಟಲು ಹರಿದುಕೊಂಡವನೇ. ಆದರೆ ಇದನ್ನು ಮಾಡಿದವನ ಮನೆಯಲ್ಲೂ ಬೆರಳು ಮಡಿಚಿಕೊಂಡ ಒಬ್ಬ ಅಪ್ಪನಿದ್ದಿರಬೇಕು. ನನ್ನ ಅಪ್ಪನಿಗೂ ಬೆರಳು ಹೀಗೇ ಆಗಿತ್ತು. ನಾವು ಬೆರಳಿಗೆ ಎಣ್ಣೆ ನೀವಿ, ಕತ್ತರಿಗೆ ಕುಂಕುಮವಿಟ್ಟು ಮಲಗಿದೆವು. ಆ ಚೀನಾದವನು ಮಲಗದೆ ಕತ್ತರಿಯನ್ನೇ ಬಿಚ್ಚಿ ಕೂತ. ಗೆಲ್ಲದೆ ಇನ್ನೇನು ಮಾಡುತ್ತಾನೆ?

ಸಂಜೆ ಅಯ್ಯನವರ ಚಪ್ಪಲಿ ಸದ್ದು ಕೇಳಿದ್ದೇ ಯಂತ್ರವನ್ನು ಹೆಗಲ ವಲ್ಲಿಯಲ್ಲಿ ಸುತ್ತಿ ಬೆನ್ನ ಹಿಂದೆ ಹಿಡಿದೆ. ಅವರು ಸಾಲುಸಾಲಾಗಿ ನೋಡಿ, ಕಡಿದ ತುದಿಗಳನ್ನು ಮುಟ್ಟಿ, “ಕೈಕೆಲಸ ಅಂದ್ರೆ ಇದಪ್ಪಾ! ಸೀನಾಕಾರನಿಗೆ ಬಂದೀತಾ ಇದು?” ಎಂದರು.

“ಎಲ್ಲಿ ಬರ್ತದೆ ಅಯ್ಯಾ” ಎಂದು ಎದೆ ಉಬ್ಬಿಸಿದೆ. ಎದೆಯ ಜೊತೆ ಬೆರಳೂ ಬಿಗಿದಿರಬೇಕು. ಬೆನ್ನ ಹಿಂದೆ ಟಕ್ ಎಂದಿತು. ಹಬ್ಬದ ಹೊಸ ವಲ್ಲಿಯ ಜರಿ ಅಂಚು ನೆಲಕ್ಕೆ ಬಿತ್ತು.

ಅಯ್ಯನವರು ಬಗ್ಗಿ ಆ ಚೂರನ್ನೆತ್ತಿ ತಿರುಗಿಸಿ ನೋಡಿದರು. “ನೂಲು ಕೂಡ ಎದ್ದಿಲ್ಲವಲ್ಲಪ್ಪಾ. ಇದೂ ಕೈಕೆಲಸಾನಾ?”

ಲಕ್ಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ಬಳ್ಳಿಯ ಮರೆಗೆ ಸರಿದಳು. ನಾನು ಮಾನ ಬಿಡಲಿಲ್ಲ. “ಹೌದಯ್ಯಾ, ಕಡಿದದ್ದು ಯಾರೋ ಇರಬಹುದು, ಅಮುಕಿದ್ದು ನನ್ನ ಬೆರಳೇ” ಎಂದೆ.