ಪಕ್ಕದ ಸೀಟಿನ ರೇಸು

ಹೆಂಡತಿ: ಹಾಗಾದ್ರೆ ಕಾರಿನ ಸೀಟು ತಾನಾಗೇ ಎದ್ದು ನಡ್ಕೊಂಡು ಹೋಯ್ತು ಅಂತೀರಾ?

ನಾನು: ಹಾಗಲ್ಲ ಕಣೇ. ಸ್ಟೇರಿಂಗ್ ಇದೆ, ಇಂಜಿನ್ ಇದೆ, ನಿನ್ನ ಸೀಟಿದೆ. ಪಕ್ಕದ್ದು ಒಂದು ತಾನೇ ಇಲ್ಲ?

ಹೆಂಡತಿ: ಬೆಳಗ್ಗೆ ಗಡಿಬಿಡೀಲಿ ಊಟದ ಡಬ್ಬಿ ಪಕ್ಕಕ್ಕಿಟ್ಟೆ. ಢಣ್ ಅಂತ ನೆಲಕ್ಕೆ ಬಿತ್ತು. ಸಂಜೆ ನಮ್ಮ ಮ್ಯಾನೇಜರಮ್ಮ ಡ್ರಾಪ್ ಕೇಳಿದ್ರು. ಮುಂದೆ ಜಾಗ ಇಲ್ಲದೆ ಹಿಂದೆ ಕೂತ್ಕೊಂಡು ಠೀವಿಯಿಂದ ಮನೇಗೆ ಹೋದ್ರು. ನಾಳೆಯಿಂದ ನಂಗೊಂದು ಡ್ರೈವರ್ ಟೋಪಿ ತಂದ್ಕೊಡಿ!

ನಾನು ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದೆ. ನನ್ನ ಹಿಂದೆ, ಕೋಣೆಯೊಳಗೆ, ಸೀಟಿನ ಮೇಲೆ ಹಾಸಿಗೆಯ ಚಾದರ ಹೊದಿಸಿ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆ ಚಾದರದ ಮೇಲೆಯೇ ನಮ್ಮಮ್ಮ ಆರಾಮಾಗಿ ಕೂತು ಬಟಾಣಿ ಸುಲಿಯುತ್ತಿದ್ದಳು.

ಅಮ್ಮ: ಅವನನ್ನ ಬೈಬೇಡ ಕಣಮ್ಮ. ತಾಯಿಗೆ ಸೊಂಟನೋವು ಅಂತ ಕುರ್ಚಿ ಮಾಡಿದಾನೆ. ಈ ಮನೇಲಿ ನನ್ನ ಮುಖ ನೋಡೋರೂ ಇಲ್ಲ ಅಂದ್ಕೊಂಡಿದ್ದೆ. ಇವನು ಸೊಂಟಾನೇ ನೋಡಿದಾನೆ.

ನಾನು: ಅಮ್ಮಾ, ಅದು ನಿನಗಲ್ಲ...

ಅಮ್ಮ: ಗೊತ್ತಾಯ್ತು ಬಿಡು. ನಂಗೆ ಅಂತ ಯಾವಾಗ ಏನು ಬಂದಿದೆ?

ಹೆಂಡತಿ ಅತ್ತೆಯನ್ನು ಕೈಹಿಡಿದು ಎಬ್ಬಿಸಿ, ಚಾದರ ಎಳೆದಳು. ನಮ್ಮ ಕಾರಿನ ಸೀಟು. ಅದರ ಕೆಳಗೆ ನಲ್ಲಿ ಪೈಪು, ಎತ್ತ ಬೇಕಾದರೂ ಬಾಗುವ ಒಂದು ಕೀಲು, ಗುಜರಿಯಿಂದ ತಂದ ಎರಡು ವೈಪರ್ ಮೋಟಾರು, ಮತ್ತು ನನಗೇ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದ ಒಂದಷ್ಟು ವೈರು.

ಹೆಂಡತಿ: ಏನಿದು?

ನಾನು: ಸಿಮ್ಯುಲೇಟರ್! ಪರದೆ ಮೇಲೆ ರೇಸ್ ಕಾರು ಹೇಗೆ ಕುಲುಕುತ್ತೋ ಸೀಟೂ ಹಾಗೇ ಕುಲುಕುತ್ತೆ.

ಹೆಂಡತಿ: ತಲೆ ನೆರೆತ ಮೇಲೆ ವಿಡಿಯೋ ಗೇಮ್ ಹುಚ್ಚಾ?

ನಾನು: ಛೆ, ನಾನೆಲ್ಲಿ ಆಡ್ತೀನಿ? ಆಡೋದು ಕಂಪ್ಯೂಟರು. ನಾನು ಸುಮ್ನೆ ಕೂತಿರ್ತೀನಿ.

ಹೆಂಡತಿ: ಆಟದಲ್ಲೂ ನಿಮ್ದು ಪಕ್ಕದ ಸೀಟೇನಾ?

ಇಲ್ಲಿ ನನ್ನ ಮಾನ ನಾನೇ ಕಳೆದುಕೊಳ್ಳಬೇಕು. ನಾನು ಕೆಲಸ ಮಾಡುವುದು ಲಿಫ್ಟ್ ಕಂಪನಿಯಲ್ಲಿ, ಹತ್ತುವುದು ಮೆಟ್ಟಿಲು. ಚಲಿಸುವುದು ಯಾವುದೂ ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಕಾರು ಓಡಿಸುವವಳು ಹೆಂಡತಿ. ಪಕ್ಕದಲ್ಲಿ ಕಣ್ಣು ಮುಚ್ಚಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂರುವವನು ನಾನು. ಅವಳಿಗೆ ಮದುವೆಯಾದಾಗಿನಿಂದ ಸಮುದ್ರ ನೋಡುವ ಆಸೆ. ಪ್ರತಿ ಸಲ ಹೊರಡುತ್ತೇವೆ. ಪ್ರತಿ ಸಲ ಬೆಟ್ಟದ ರಸ್ತೆಯ ಎರಡನೇ ತಿರುವಿನಲ್ಲಿ ನನ್ನ ಹೊಟ್ಟೆ ಗೆದ್ದು, ಕಾರು ಮನೆ ಕಡೆ ತಿರುಗುತ್ತದೆ. ಮರುದಿನ ಬೆಳಗ್ಗೆ ಮತ್ತೆ ಹೊರಡುವುದಿತ್ತು.

ನಾನು: ನಿನಗೋಸ್ಕರ ಕಣೇ. ಇದರಲ್ಲಿ ಕೂತು ಅಭ್ಯಾಸ ಮಾಡಿದ್ರೆ ಹೊಟ್ಟೆ ಪಳಗುತ್ತೆ ಅಂತ. ಒಂದ್ಸಲವಾದ್ರೂ ನಿನ್ನ ಪಕ್ಕ ಕಣ್ಣು ಬಿಟ್ಟು ಕೂರಬೇಕು ಅಂತ ಆಸೆ.

ಅವಳ ಬೈಗುಳ ಬಾಯಿಯ ತನಕ ಬಂದು ವಾಪಸು ಹೋದದ್ದು ಕಣ್ಣಿಗೇ ಕಾಣಿಸಿತು.

ಹೆಂಡತಿ: ಪಳಗಿದೆಯಾ?

ನಾನು: ಪಳಗಿದೆಯಾ ಅಂದ್ರೇನು? ದಿನಾ ರಾತ್ರಿ ನೀನು ಮಲಗಿದ ಮೇಲೆ ಸೀಟು ಬಿಚ್ಚಿ ತಂದು ಬೆಳಗ್ಗೆಯೊಳಗೆ ವಾಪಸು ಬಿಗೀತಿದ್ದೆ, ಇವತ್ತೊಂದಿನ ಮರೆತೆ. ಮೊದಮೊದಲು ಬಕೆಟ್ ಹಿಡ್ಕೊಂಡು ಕೂರ್ತಿದ್ದೆ. ಈಗ ಇದರ ಮೇಲೆ ಉಪ್ಪಿಟ್ಟೂ ತಿನ್ನಬಲ್ಲೆ!

ಹೆಂಡತಿ: ಕೂತ್ಕೊಳ್ಳಿ. ನಾನೇ ಓಡಿಸ್ತೀನಿ.

ಮೇಜಿನ ಮೇಲಿದ್ದ ಆಟದ ಸ್ಟೇರಿಂಗನ್ನು ಅವಳು ಹಿಡಿದು, ಕೆಳಗಿನ ಪೆಡಲ್ ತುಳಿದದ್ದೇ ತಡ, ಪರದೆಯ ಮೇಲಿದ್ದ ಕಾರುಗಳೆಲ್ಲ ಹಿಂದೆ ಬಿದ್ದವು. ಇಷ್ಟು ವರ್ಷದ ಸಿಟ್ಟೆಲ್ಲ ಅವಳ ಬಲಗಾಲಿನಲ್ಲೇ ಇತ್ತೆಂದು ಕಾಣುತ್ತದೆ. ನಾನು ಮಾತ್ರ ಬಂಡೆಯ ಹಾಗೆ ಕೂತಿದ್ದೆ.

ಹೆಂಡತಿ: ಅಲ್ಲಾ ರೀ, ಸ್ಪೀಡ್ ಕೊಟ್ರೆ ಮುಂದಕ್ಕೆ ಬಗ್ಗಿ ನಮಸ್ಕಾರ ಹಾಕ್ತೀರಿ. ಬ್ರೇಕ್ ಹಾಕಿದ್ರೆ ಯಜಮಾನ್ರ ಹಾಗೆ ಹಿಂದಕ್ಕೆ ಒರಗ್ತೀರಿ. ಕಾರಲ್ಲಿ ಇದರ ಉಲ್ಟಾ ಆಗಲ್ವಾ?

ನಾನು: ಅದು... ಸಿಮ್ಯುಲೇಟರ್‌ನಲ್ಲಿ ಹಾಗೇ ಇರುತ್ತೆ.

ಹೆಂಡತಿ: ವೈರು ಅದಲುಬದಲಾಗಿದೆ ಅನ್ನಿ.

ಅಮ್ಮ: ಚಿಕ್ಕೋನಿದ್ದಾಗ ಚಪ್ಪಲೀನೂ ಹೀಗೇ ಹಾಕ್ಕೋತಿದ್ದ.

ಸೀಟನ್ನು ಕಾರಿಗೆ ವಾಪಸು ಬಿಗಿದು, ಮೂವರೂ ಪರೀಕ್ಷೆಗೆ ಹೊರಟೆವು. ಅಮ್ಮ ಬಟಾಣಿ ಬುಟ್ಟಿಯ ಸಮೇತ ಹಿಂದೆ ಕೂತಳು. ಬೀದಿಯ ಕೊನೆ ಬರುವಷ್ಟರಲ್ಲಿ ನನ್ನ ಮುಖ ಬಟಾಣಿಯ ಬಣ್ಣಕ್ಕೆ ತಿರುಗಿ, ಕೈ ಚೀಲ ಹುಡುಕುತ್ತಿತ್ತು.

ಹೆಂಡತಿ: ಆಯ್ತು ಬಿಡಿ. ನನ್ನ ಹಣೇಲಿ ಸಮುದ್ರ ಬರೆದಿಲ್ಲ.

ಇದನ್ನು ಅವಳು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು. ಹೊಟ್ಟೆಗಿಂತ ಎದೆಗೆ ಹೆಚ್ಚು ಸಂಕಟವಾಯಿತು. ಬೀದಿ ಇಕ್ಕಟ್ಟು, ಕಾರು ತಿರುಗಿಸಲು ಜಾಗವಿಲ್ಲ. ಮನೆಯವರೆಗೂ ರಿವರ್ಸಿನಲ್ಲೇ ತಂದಳು.

ಹೆಂಡತಿ: ಏನ್ರೀ, ಬಟಾಣಿ ತಿಂತಿದ್ದೀರಾ?

ನಾನು: ಹೂಂ. ಎಳೇದು, ಚೆನ್ನಾಗಿದೆ.

ಹೆಂಡತಿ: ಹೊಟ್ಟೆ?

ನಾನು: ಅರೆ, ಹೌದಲ್ಲ! ಏನೂ ಆಗ್ತಿಲ್ಲ!

ಮತ್ತೆ ಮುಂದಕ್ಕೆ ಹೋದಳು, ಚೀಲ ಹುಡುಕಿದೆ. ಹಿಂದಕ್ಕೆ ಬಂದಳು, ಬಟಾಣಿ ತಿಂದೆ. ಲೆಕ್ಕ ಸ್ಪಷ್ಟವಾಗಿತ್ತು. ನನ್ನ ಹೊಟ್ಟೆ ಪಳಗಿದ್ದು ನಿಜ. ಆದರೆ ಪಳಗಿದ್ದು ಹಿಂದಕ್ಕೆ ಹೋಗುವುದಕ್ಕೆ.

ನಾನು: ಸಮುದ್ರದ ತನಕ ರಿವರ್ಸಲ್ಲಿ ಹೋಗೋಕಾಗುತ್ತಾ?

ಹೆಂಡತಿ: ಕಾರು ಯಾಕೆ ಹಿಂದಕ್ಕೆ ಹೋಗ್ಬೇಕು? ನಿಮ್ಮನ್ನ ಹಿಂದುಮುಂದಾಗಿ ಕೂರಿಸಿದ್ರಾಯ್ತು! ಸ್ಪ್ಯಾನರ್ ತನ್ನಿ.

ಮರುದಿನ ಹೊರಟೆವು. ಹೆಂಡತಿ ಮುಂದಕ್ಕೆ ನೋಡುತ್ತ, ನಾನು ಪಕ್ಕದಲ್ಲೇ ಹಿಂದಕ್ಕೆ ನೋಡುತ್ತ. ಎದುರಿಗೆ, ಮೊಣಕಾಲಿಗೆ ಮೊಣಕಾಲು ತಗಲುವ ಹಾಗೆ, ಅಮ್ಮ. ಎರಡನೇ ತಿರುವು ದಾಟಿತು. ಮೂರನೆಯದೂ ದಾಟಿತು. ಹೆಂಡತಿ ಪ್ರತಿ ತಿರುವಿಗೂ ‘ಹೇಗಿದ್ದೀರಿ?’ ಎನ್ನುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟು ಹಾಡು ಗುನುಗತೊಡಗಿದಳು.

ಅಮ್ಮ: ಎಷ್ಟು ವರ್ಷ ಆಯ್ತೋ, ನೀನು ನನ್ನ ಎದುರಿಗೆ ಇಷ್ಟು ಹೊತ್ತು ಕೂತು!

ಹೆಂಡತಿ: ರೀ, ಕಾಣ್ತಿದೆ! ಸಮುದ್ರ!

ನಾನು: ಎಲ್ಲಿ? ನನಗೆ ಬರೀ ಬಂದ ದಾರಿ ಕಾಣ್ತಿದೆ.

ಅವಳು ಒಂದು ಕ್ಷಣ ಯೋಚಿಸಿ, ನೀರಿನ ಕಡೆಯಿಂದ ಕಣ್ಣು ತೆಗೆದು ರಸ್ತೆಯನ್ನಷ್ಟೇ ನೋಡತೊಡಗಿದಳು. ದಡದ ಹತ್ತಿರ ಬಂದ ಮೇಲೂ ಅತ್ತ ಕಣ್ಣು ಹಾಯಿಸದೆಯೇ ಕಾರನ್ನು ಪೂರ್ತಿ ತಿರುಗಿಸಿ, ಹಿಂದಿನ ಗಾಜು ನೀರಿನ ಕಡೆ ಬರುವಂತೆ ನಿಲ್ಲಿಸಿದಳು. ಇಷ್ಟು ವರ್ಷ ಕಾದವಳು ಸಮುದ್ರವನ್ನು ಕಣ್ತುಂಬ ನೋಡಿದ್ದು ಕನ್ನಡಿಯಲ್ಲಿ, ನಾನು ಕೂತಲ್ಲಿಂದಲೇ ನೋಡಲೆಂದು. ನಾನು ಕಣ್ಣೊರೆಸಿಕೊಂಡು ನೋಡಿದರೆ ಗಾಜಿನ ತುಂಬ, ಹಿಂದಕ್ಕೆ ತಿರುಗಿ ಕೂತ ಅಮ್ಮನ ದೊಡ್ಡ ತುರುಬು.

ನಾನು: ಅಮ್ಮಾ, ಸ್ವಲ್ಪ ತಲೆ ಬಗ್ಗಿಸ್ತೀಯಾ?

ಅಮ್ಮ: ನೋಡಮ್ಮ ಇವನನ್ನ! ದಾರಿಯುದ್ದಕ್ಕೂ ನನ್ನನ್ನೇ ನೋಡ್ಕೊಂಡು ಬಂದ. ಸಮುದ್ರ ಸಿಕ್ಕ ತಕ್ಷಣ ಅಮ್ಮ ಅಡ್ಡ ಆಗ್ಬಿಟ್ಟಳು!